ಮನೆಮನೆಗೆ ಹೋಗಿ ಸ್ಪ್ರೇ ಟ್ಯಾನ್ ಮಾಡುವವರಿಗೆ ಬೇಕಾದ ಸಾಮಾನು: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಲ್ಬರ್ನಿನ ಪಶ್ಚಿಮದ ಬಡಾವಣೆಗಳಲ್ಲಿ ಗ್ರಾಹಕರ ಮನೆಗೇ ಹೋಗಿ ಸ್ಪ್ರೇ ಟ್ಯಾನ್ ಮಾಡುವ, ಅಂದರೆ ದ್ರಾವಣ ಸಿಂಪಡಿಸಿ ಮೈ ಬಿಸಿಲಿನಲ್ಲಿ ಕಂದಾದಂತೆ ಕಾಣಿಸುವ, ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಊರಿನಲ್ಲಿ ಬ್ಯೂಟಿಷಿಯನ್ ಕೋರ್ಸ್ ಮುಗಿಸಿ ಇಲ್ಲಿಗೆ ಹೊಸದಾಗಿ ಬಂದಿರುವ ಕನ್ನಡದ ಹೆಣ್ಣುಮಕ್ಕಳು ಈ ಕೆಲಸದ ಬಗ್ಗೆ ವಿಚಾರಿಸುವಾಗ ಹೆಚ್ಚುಕಡಿಮೆ ಎಲ್ಲರೂ ಮೊದಲು ಕೇಳುವುದು, "ಮಷೀನ್ ಯಾವುದು ತೆಗೆದುಕೊಳ್ಳಬೇಕು ಅಕ್ಕಾ?" ಎಂದು. ಯಂತ್ರದ ಪ್ರಶ್ನೆ ನಿಜಕ್ಕೂ ಅಷ್ಟು ಕಷ್ಟದ್ದಲ್ಲ. ಸಲೂನಿನಲ್ಲಿ ಕೆಲಸ ಮಾಡುವವಳಿಗೆ ನೆಲ, ಗೋಡೆ, ಬೆಳಕು, ಕರೆಂಟು, ನೀರು ಎಲ್ಲವೂ ತನ್ನವು. ಮನೆಗೆ ಹೋಗುವವಳಿಗೆ ಅವೆಲ್ಲವೂ ಬೇರೆಯವರವು. ಕಾರಿನಲ್ಲಿ ಏನೇನು ಇರಬೇಕು ಎಂಬುದನ್ನು ನಿರ್ಧರಿಸುವುದು ಆ ಒಂದು ವ್ಯತ್ಯಾಸವೇ. ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿಗೆ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಸ್ಪ್ರೇ ಟ್ಯಾನ್ ಎಂದರೆ ಮೈಗೆ ಬಣ್ಣ ಬಳಿಯುವುದೇ?

ಅಲ್ಲ. ದ್ರಾವಣದಲ್ಲಿರುವ ಡೈಹೈಡ್ರಾಕ್ಸಿಅಸಿಟೋನ್ ಎಂಬ ಸಕ್ಕರೆ ಜಾತಿಯ ವಸ್ತು, ಅಂದರೆ ಈ ವೃತ್ತಿಯವರೆಲ್ಲ ಡಿಎಚ್‌ಎ ಎಂದು ಕರೆಯುವುದು, ಚರ್ಮದ ಅತ್ಯಂತ ಮೇಲಿನ ಸತ್ತ ಪದರದಲ್ಲಿರುವ ಅಮೈನೋ ಆಮ್ಲಗಳೊಂದಿಗೆ ಸೇರಿ ಕಂದು ಬಣ್ಣವನ್ನು ಉಂಟುಮಾಡುತ್ತದೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುವುದಕ್ಕೂ ಬ್ರೆಡ್ಡಿನ ಮೇಲ್ಭಾಗ ಕಂದಾಗುವುದಕ್ಕೂ ಕಾರಣವಾದ ಮೇಯಾರ್ ಕ್ರಿಯೆಯೇ ಇದು. ಕಾವಲಿಯ ಬಿಸಿ ಬೇಡ, ಆರರಿಂದ ಎಂಟು ಗಂಟೆಗಳ ಸಮಯ ಬೇಕು, ಅಷ್ಟೇ. ಡಿಎಚ್‌ಎಯ ಈ ಗುಣವನ್ನು ಗಮನಿಸಿದವರು ಅಮೆರಿಕದ ಸಿನ್ಸಿನಾಟಿಯಲ್ಲಿದ್ದ ಈವಾ ವಿಟ್ಗೆನ್‌ಸ್ಟೈನ್. 1950ರ ದಶಕದಲ್ಲಿ ಅಪರೂಪದ ಕಾಯಿಲೆಯಿದ್ದ ಮಕ್ಕಳಿಗೆ ಅದನ್ನು ಕುಡಿಸುವಾಗ ಚೆಲ್ಲಿದ ಕಡೆಗಳಲ್ಲಿ ಚರ್ಮ ಕಂದಾಗುವುದನ್ನು ಅವರು ಕಂಡರು.

ಸಿಂಪಡಿಸಿದ ಕೂಡಲೇ ಕಾಣುವ ಬಣ್ಣ ಬೇರೆ. ಎಲ್ಲಿ ಬಿದ್ದಿದೆ, ಎಲ್ಲಿ ತಪ್ಪಿದೆ ಎಂದು ಕೆಲಸ ಮಾಡುವವರಿಗೆ ಗೊತ್ತಾಗಲೆಂದು ದ್ರಾವಣಕ್ಕೆ ಸೇರಿಸಿರುವ ಬ್ರಾಂಜರ್ ಅದು, ಮೊದಲ ಸ್ನಾನದಲ್ಲಿ ತೊಳೆದುಹೋಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಸ್ನಾನದ ನೀರು ಕಂದಾದದ್ದನ್ನು ನೋಡಿ ಗ್ರಾಹಕರು ಗಾಬರಿಯಿಂದ ಫೋನ್ ಮಾಡುತ್ತಾರೆ. ಒಳಗಿನ ಬಣ್ಣ ಆ ಸತ್ತ ಪದರ ಉದುರುವವರೆಗೆ, ಸಾಮಾನ್ಯವಾಗಿ ಐದರಿಂದ ಏಳೆಂಟು ದಿನ, ನಿಲ್ಲುತ್ತದೆ.

ಬೆಂಗಳೂರಿನ ಪಾರ್ಲರುಗಳಲ್ಲಿ ಡಿ-ಟ್ಯಾನ್ ಮಾಡಿಸುತ್ತಾರೆ. ಇಲ್ಲಿ ದುಡ್ಡು ಕೊಟ್ಟು ಟ್ಯಾನ್ ಏಕೆ ಮಾಡಿಸಿಕೊಳ್ಳುತ್ತಾರೆ?

ಊರಿಗೆ ಹೋದಾಗಲೆಲ್ಲ ನನ್ನ ಅತ್ತೆಯವರೂ ಇದನ್ನೇ ಕೇಳುತ್ತಾರೆ. ಬಿಸಿಲಿನಲ್ಲಿ ಕಂದಾದ ಮೈ ಇಲ್ಲಿ ರಜೆ, ಕಡಲತೀರ, ಆರೋಗ್ಯಗಳ ಗುರುತಾಗಿ ಬೆಳೆದುಬಂದಿದೆ. ಅದರ ಜೊತೆಗೆ ಚರ್ಮದ ಕ್ಯಾನ್ಸರ್ ಅತಿ ಹೆಚ್ಚಾಗಿರುವ ದೇಶಗಳಲ್ಲಿ ಆಸ್ಟ್ರೇಲಿಯವೂ ಒಂದಾಗಿರುವುದರಿಂದ, 1981ರ "ಸ್ಲಿಪ್, ಸ್ಲಾಪ್, ಸ್ಲ್ಯಾಪ್" ಪ್ರಚಾರದಿಂದ ಮೊದಲುಗೊಂಡು ಸರ್ಕಾರಗಳೂ ಕ್ಯಾನ್ಸರ್ ಸಂಸ್ಥೆಗಳೂ ಬಿಸಿಲನ್ನು ಬಿಡಿ ಎಂದು ಹೇಳುತ್ತಲೇ ಬಂದಿವೆ. ನೇರಳಾತೀತ ದೀಪಗಳ ಸೋಲೇರಿಯಮ್ಮುಗಳು ಒಂದು ಕಾಲಕ್ಕೆ ಬೀದಿಬೀದಿಯಲ್ಲಿದ್ದವು. ಮೆಲ್ಬರ್ನಿನ ಕ್ಲೇರ್ ಆಲಿವರ್ ಎಂಬ 26 ವರ್ಷದ ತರುಣಿ ಅವುಗಳ ವಿರುದ್ಧ ಬಹಿರಂಗವಾಗಿ ಮಾತನಾಡಿ 2007ರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಜನಾಭಿಪ್ರಾಯ ಬದಲಾಯಿತು. 2009ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆ ದೀಪಗಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. 2015ರ ಜನವರಿ 1ರಿಂದ ವಿಕ್ಟೋರಿಯವೂ ಸೇರಿ ಹೆಚ್ಚಿನ ರಾಜ್ಯಗಳಲ್ಲಿ ವ್ಯಾಪಾರಿ ಸೋಲೇರಿಯಮ್ ನಿಷೇಧವಾಯಿತು. ಬಣ್ಣದ ಆಸೆ ಹೋಗಲಿಲ್ಲ, ಬಾಟಲಿಗೆ ಬಂತು.

ಎಂಥ ಯಂತ್ರ ಕೊಳ್ಳಬೇಕು?

ಮನೆಗೆ ಹೋಗುವವರಿಗೆ ಎಚ್‌ವಿಎಲ್‌ಪಿ ಎಂದು ಕರೆಯುವ ಟರ್ಬೈನ್ ಯಂತ್ರವೇ ಸರಿ. ಅದು ಹೆಚ್ಚು ಗಾಳಿಯನ್ನು ಕಡಿಮೆ ಒತ್ತಡದಲ್ಲಿ, ಸಾಮಾನ್ಯವಾಗಿ 10 ಪಿಎಸ್‌ಐಗಿಂತ ಕೆಳಗೆ, ಬಿಡುತ್ತದೆ. ಹನಿಗಳು ಮೈಯಿಂದ ಪುಟಿದು ಕೋಣೆಯೆಲ್ಲ ಹಾರುವುದು ಇದರಿಂದ ಕಡಿಮೆಯಾಗುತ್ತದೆ. ಏರ್‌ಬ್ರಷ್ ಕಂಪ್ರೆಸರ್ ಸೂಕ್ಷ್ಮ ಕೆಲಸಕ್ಕೆ ಚೆನ್ನ, ಮುಖದ ಮೇಕಪ್ಪಿಗೆ ಇನ್ನೂ ಚೆನ್ನ. ಆದರೆ ಇಡೀ ಮೈಗೆ ಅರ್ಧ ಗಂಟೆ ಹಿಡಿಯುತ್ತದೆ. ಟರ್ಬೈನಿನಲ್ಲಿ ಸಿಂಪಡಿಸುವ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಶನಿವಾರ ಐದು ಮನೆಗಳಿಗೆ ಹೋಗಬೇಕಾದಾಗ ಈ ವ್ಯತ್ಯಾಸ ತಿಳಿಯುತ್ತದೆ.

ಅಂಗಡಿಯವರು ವಾಟ್ ಎಷ್ಟು ಎಂದು ಹೇಳಿಯೇ ಮಾರುತ್ತಾರೆ. ನೀವು ಅದರ ಜೊತೆಗೆ ಮೂರು ಸಂಗತಿ ಕೇಳಿ: ತೂಕವೆಷ್ಟು, ಸದ್ದೆಷ್ಟು, ಬಿಡಿಭಾಗ ಈ ದೇಶದಲ್ಲೇ ಸಿಗುತ್ತದೆಯೇ. ಲಿಫ್ಟಿಲ್ಲದ ಮೂರನೆಯ ಮಹಡಿಗೆ ಹೊತ್ತುಕೊಂಡು ಹೋಗುವವರು ನೀವೇ, ಪಕ್ಕದ ಕೋಣೆಯಲ್ಲಿ ಮಲಗಿರುವ ಮಗು ಗ್ರಾಹಕರದ್ದು. ಗಾಳಿಯ ವೇಗವನ್ನು ಹೆಚ್ಚುಕಡಿಮೆ ಮಾಡುವ ಗುಂಡಿ ಇರುವ ಯಂತ್ರವಾದರೆ ಮುಖಕ್ಕೂ ಕೈಬೆರಳುಗಳಿಗೂ ತಗ್ಗಿಸಿಕೊಳ್ಳಬಹುದು. ಹೋಸ್ ಕನಿಷ್ಠ 2 ಮೀಟರ್ ಉದ್ದವಿದ್ದು ಮೆತ್ತಗೆ ಬಾಗುವಂಥದ್ದಾಗಿರಲಿ, ಗಡುಸಾದ ಹೋಸ್ ಮಣಿಕಟ್ಟನ್ನು ಎಳೆಯುತ್ತದೆ.

ಅಮೆರಿಕದಿಂದ ತರಿಸಿದರೆ ಅಗ್ಗವಾಗುತ್ತದೆ, ತರಿಸಬಹುದೇ?

ಬೇಡ. ಅಲ್ಲಿಯ ಯಂತ್ರಗಳು 120 ವೋಲ್ಟಿನವು, ಇಲ್ಲಿಯ ಕರೆಂಟು 230 ವೋಲ್ಟು. ಪ್ಲಗ್ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಬದಲಿಸುವುದಿಲ್ಲ, ಯಂತ್ರ ಸುಟ್ಟುಹೋಗುತ್ತದೆ. ಇಲ್ಲಿ ಮಾರುವ ವಿದ್ಯುತ್ ಉಪಕರಣದ ಮೇಲೆ, ಅದು ಇಲ್ಲಿಯ ಸುರಕ್ಷತಾ ನಿಯಮಗಳಿಗೆ ಹೊಂದಿದೆಯೆಂದು ತೋರಿಸುವ ಆರ್‌ಸಿಎಂ ಗುರುತು ಇದೆಯೇ ನೋಡಿಕೊಳ್ಳಿ. ಏನಾದರೂ ಅನಾಹುತವಾದಾಗ ವಿಮೆಯವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದಾಗಬಹುದು. ಊರಿನಿಂದ ತಂದ ಯಂತ್ರ 230 ವೋಲ್ಟಿನಲ್ಲಿ ನಡೆಯುತ್ತದೆ ನಿಜ, ಆದರೆ ಗುರುತಿನ ಪ್ರಶ್ನೆ ಅದಕ್ಕೂ ಇದೆ.

ಕರೆಂಟಿಗೆ ಸಂಬಂಧಿಸಿದ ಇನ್ನೆರಡು ಸಾಮಾನನ್ನು ಯಂತ್ರದೊಂದಿಗೇ ಕೊಳ್ಳಿ. ಒಂದು, ಒಳ್ಳೆಯ ದಪ್ಪ ತಂತಿಯ ಎಕ್ಸ್‌ಟೆನ್ಷನ್. ಹಳೆಯ ಮನೆಗಳಲ್ಲಿ ಪವರ್ ಪಾಯಿಂಟ್ ಯಾವಾಗಲೂ ಮಂಚದ ಹಿಂದೆಯೇ ಇರುತ್ತದೆ. ಇನ್ನೊಂದು, ಕರೆಂಟು ಸೋರಿದ ಕೂಡಲೇ ಕಡಿದುಹಾಕುವ ಸೇಫ್ಟಿ ಸ್ವಿಚ್ ಒಳಗೊಂಡ ಪ್ಲಗ್ ಬಾಕ್ಸ್. ಒದ್ದೆ ದ್ರಾವಣ, ಬರಿಗಾಲಿನಲ್ಲಿ ನಿಂತಿರುವ ಗ್ರಾಹಕರು, ಗೊತ್ತಿಲ್ಲದ ಮನೆಯ ವೈರಿಂಗ್, ಈ ಮೂರೂ ಒಂದೆಡೆ ಸೇರಿದಾಗ ಅದು ಇರಲೇಬೇಕು. ತಂತಿ ಹಾದುಹೋಗುವ ಕಡೆ ಅಂಟಿಸಲು ಗೋಡೆಯ ಬಣ್ಣ ಕೀಳದಂಥ ಟೇಪನ್ನೂ ಇಟ್ಟುಕೊಳ್ಳಿ.

ಗನ್ ಒಂದೇ ಸಾಕೇ?

ದ್ರಾವಣ ಸಿಂಪಡಿಸುವ ಒಂದು ಗನ್, ಅದಕ್ಕೆ ಸಿಕ್ಕಿಸುವ, ದ್ರಾವಣ ತುಂಬುವ ಎರಡು ಮೂರು ಕಪ್ಪುಗಳು, ಒಂದು ಹೆಚ್ಚುವರಿ ಸೂಜಿ, ನಳಿಗೆ ಹಾಗೂ ಸೀಲುಗಳ ಜೊತೆ ಇದ್ದರೆ ಆರಂಭಕ್ಕೆ ಸಾಕು. ಕಪ್ಪುಗಳು ಏಕೆ ಬೇಕೆಂದರೆ, ಒಂದೇ ಮನೆಯಲ್ಲಿ ಮದುವಣಗಿತ್ತಿಗೆ ಒಂದು ದ್ರಾವಣ, ಅವಳ ತಂಗಿಗೆ ಇನ್ನೊಂದು ಎಂದಾಗ ಮಧ್ಯೆ ತೊಳೆಯುತ್ತ ಕೂರುವುದಕ್ಕಾಗುವುದಿಲ್ಲ. ನಾನು ಒಂದು ವರ್ಷದ ನಂತರ ಎರಡನೆಯ ಗನ್ ಕೊಂಡೆ. ಸೀಲು ಹರಿದ ಗನ್ನು ತೊಟ್ಟಿಕ್ಕುತ್ತದೆ, ತೊಟ್ಟಿಕ್ಕಿದ ಹನಿ ಮೈಮೇಲೆ ಗೆರೆಯಾಗಿ ಇಳಿಯುತ್ತದೆ, ಆ ಗೆರೆ ಮರುದಿನ ಇನ್ನಷ್ಟು ಕಪ್ಪಗೆ ಏಳುತ್ತದೆ.

ದ್ರಾವಣದಲ್ಲಿ 8, 10, 12, 14 ಎಂದೆಲ್ಲ ಇದೆ. ಯಾವುದನ್ನು ಇಟ್ಟುಕೊಳ್ಳಬೇಕು?

ಆ ಅಂಕಿ ಡಿಎಚ್‌ಎಯ ಶೇಕಡಾವಾರು ಪ್ರಮಾಣ. ಬಿಸಿಲಿಗೆ ಹೋದರೆ ಕೆಂಪಾಗಿ ಸುಡುವ ಮೈಗೆ 8, ಸಾಧಾರಣ ಬಿಳಿ ಮೈಗೆ 10, ಗೋದಿಬಣ್ಣಕ್ಕೂ ಅದಕ್ಕಿಂತ ಗಾಢವಾದ ಮೈಗೂ 12 ಅಥವಾ 14 ಎಂಬುದು ಒರಟು ಲೆಕ್ಕ. ಸಾಮಾನ್ಯವಾಗಿ ತಪ್ಪಾಗುವುದು ಮೇಲಿನ ದಿಕ್ಕಿನಲ್ಲಿ. ಗ್ರಾಹಕರು "ಆದಷ್ಟು ಡಾರ್ಕ್" ಎನ್ನುತ್ತಾರೆ, ಹೊಸಬರು 14 ಹಾಕುತ್ತಾರೆ, ಬಿಳಿಯ ಮೈ ಬೆಳಗಾಗುವಷ್ಟರಲ್ಲಿ ಕಿತ್ತಳೆಯಾಗಿರುತ್ತದೆ. ಚರ್ಮ ಹಿಡಿಯಬಲ್ಲದ್ದಕ್ಕಿಂತ ಹೆಚ್ಚು ಡಿಎಚ್‌ಎ ಸುರಿದರೆ ಹಾಗಾಗುತ್ತದೆ. ಆರಂಭದಲ್ಲಿ 8 ಮತ್ತು 12 ಎರಡನ್ನೇ ಕೊಂಡು, ಅವುಗಳನ್ನು ಕಪ್ಪಿನಲ್ಲಿ ಸಮ ಬೆರೆಸಿ 10 ಮಾಡಿಕೊಳ್ಳುವುದು ನನಗೆ ಹಿಡಿಸಿದ ದಾರಿ. ಎರಡೂ ಒಂದೇ ಕಂಪನಿಯವಾಗಿರಲಿ.

ಶೇಕಡಾವಾರಿನಷ್ಟೇ ಮುಖ್ಯವಾದದ್ದು ಬಣ್ಣದ ಒಳಛಾಯೆ. ಹಸಿರು ಛಾಯೆಯ ದ್ರಾವಣ ಕೆಂಪನ್ನು ತಗ್ಗಿಸುತ್ತದೆ, ನೇರಳೆ ಛಾಯೆಯದು ಹಳದಿಯನ್ನು ತಗ್ಗಿಸುತ್ತದೆ. ನಮ್ಮ ಕಡೆಯ ಮೈಬಣ್ಣದಲ್ಲಿ ಹಳದಿ ಒಳಗೇ ಇರುವುದರಿಂದ ನಮ್ಮವರು ಯಾರಾದರೂ ಬಂದರೆ ನಾನು ನೇರಳೆ ಛಾಯೆಯದನ್ನೇ ತೆಗೆಯುತ್ತೇನೆ. ಬಂದೂ ಬರುತ್ತಾರೆ. ಅವರಿಗೆ ಬೇಕಾದದ್ದು ಕಪ್ಪಗಾಗುವುದಲ್ಲ, ಕುತ್ತಿಗೆಗೂ ತೋಳಿಗೂ ಇರುವ ಬಣ್ಣದ ವ್ಯತ್ಯಾಸ ಫೋಟೋದಲ್ಲಿ ಕಾಣದಿರುವುದು.

ಒಂದು ಬಾಟಲಿ ಎಷ್ಟು ಜನಕ್ಕೆ ಬರುತ್ತದೆ? ಕಾರಿನಲ್ಲೇ ಇಟ್ಟಿರಬಹುದೇ?

ಒಬ್ಬರ ಇಡೀ ಮೈಗೆ 50ರಿಂದ 60 ಮಿಲಿಲೀಟರ್ ಹಿಡಿಯುತ್ತದೆ, ಒಂದು ಲೀಟರಿನಲ್ಲಿ 16ರಿಂದ 20 ಜನ. ಅಳೆಯುವುದಕ್ಕೆ ಗೆರೆ ಹಾಕಿದ ಚಿಕ್ಕ ಲೋಟ ಒಂದಿರಲಿ. ಕಣ್ಣಳತೆಯಲ್ಲಿ ಸುರಿಯುವವರ ಲಾಭ ಕಪ್ಪಿನ ತಳದಲ್ಲಿ ಉಳಿದುಹೋಗುತ್ತದೆ.

ಕಾರಿನಲ್ಲಿ ಇಡುವ ಮಾತು ಮಾತ್ರ ಬೇಡವೇ ಬೇಡ. ಡಿಎಚ್‌ಎ ಶಾಖಕ್ಕೆ ಕೆಡುತ್ತದೆ. 40 ಡಿಗ್ರಿ ಬಿಸಿಲಿನ ದಿನ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ದಾಟುತ್ತದೆ. ಅಂಥ ಕಾರಿನಲ್ಲಿ ಕಳೆದ ದ್ರಾವಣ ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ, ಬ್ರಾಂಜರ್ ಇರುವುದರಿಂದ ಸಿಂಪಡಿಸಿದಾಗ ಬಣ್ಣವೂ ಕಾಣುತ್ತದೆ, ಮರುದಿನ ಸ್ನಾನವಾದ ಮೇಲೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ತರಕಾರಿ ತರುವ ಕೂಲರ್ ಬ್ಯಾಗ್ ಒಂದನ್ನು ಇದಕ್ಕೇ ಮೀಸಲಿಡಿ, ದಿನದ ಕೊನೆಗೆ ಬಾಟಲಿಗಳನ್ನು ಮನೆಯೊಳಗೆ ಕತ್ತಲಿನ ಕಪಾಟಿಗೆ ಸೇರಿಸಿ, ಸೀಲು ಒಡೆದ ದಿನಾಂಕವನ್ನು ಮುಚ್ಚಳದ ಮೇಲೆ ಬರೆಯಿರಿ. ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದೆಂದು ಬಾಟಲಿಯ ಮೇಲೆಯೇ ತೆರೆದ ಡಬ್ಬಿಯ ಚಿತ್ರದೊಳಗೆ ಅಚ್ಚಾಗಿರುತ್ತದೆ. ಲೀಟರಿಗಿಂತ ದೊಡ್ಡ ಡಬ್ಬಿ ಅಗ್ಗವೆಂದು ಮೊದಲ ವರ್ಷವೇ ಕೊಳ್ಳುವುದು ಜಾಣತನವಲ್ಲ.

ಟೆಂಟ್ ಇಲ್ಲದೆ ಸ್ನಾನದ ಮನೆಯಲ್ಲಿ ನಿಲ್ಲಿಸಿ ಮಾಡಿದರೆ ಆಗುವುದಿಲ್ಲವೇ?

ಇಲ್ಲಿಯ ಸ್ನಾನದ ಮನೆಗಳಲ್ಲಿ ಇಬ್ಬರು ನಿಂತರೆ ಮೂರನೆಯದಾಗಿ ಗನ್ನಿಗೆ ಜಾಗವಿರುವುದಿಲ್ಲ. ಗನ್ನನ್ನು ಮೈಯಿಂದ 15ರಿಂದ 20 ಸೆಂಟಿಮೀಟರ್ ದೂರ ಹಿಡಿದು ತೋಳನ್ನು ಸಲೀಸಾಗಿ ಬೀಸಬೇಕು. ಮೊಣಕೈ ಟೈಲ್ಸಿಗೆ ತಗಲಿದರೆ ಬಣ್ಣ ಒಂದೆಡೆ ಗುಡ್ಡೆಯಾಗುತ್ತದೆ. ಟೈಲ್ಸ್ ನಡುವಿನ ಬಿಳಿ ಸಿಮೆಂಟಿಗೆ ಹಿಡಿದ ಬಣ್ಣ ತೆಗೆಯುವುದೂ ಸುಲಭವಲ್ಲ.

ಬಿಚ್ಚಿದ ಕೂಡಲೇ ತಾನೇ ಎದ್ದು ನಿಲ್ಲುವ ಪಾಪ್-ಅಪ್ ಟೆಂಟು ಸುಮಾರು 2 ಮೀಟರ್ ಎತ್ತರವಿದ್ದು, ಮಡಿಸಿದಾಗ ಒಂದು ದೊಡ್ಡ ತಟ್ಟೆಯಷ್ಟಾಗಿ ಚೀಲಕ್ಕೆ ಸೇರುತ್ತದೆ. ಕಪ್ಪು ಬಟ್ಟೆಯದು ಕಲೆ ತೋರಿಸುವುದಿಲ್ಲ, ಆದರೆ ಬೆಳಕನ್ನು ನುಂಗುತ್ತದೆ. ಮೇಲ್ಭಾಗದಲ್ಲಿ ಪಾರದರ್ಶಕ ಹಾಳೆಯಿರುವುದನ್ನು ಆರಿಸಿ. ಎದ್ದು ನಿಲ್ಲುವುದು ಒಂದು ಕ್ಷಣದ ಕೆಲಸ, ಮಡಿಸುವುದಕ್ಕೆ ಅಭ್ಯಾಸ ಬೇಕು. ಮೊದಲ ಗ್ರಾಹಕರ ಮನೆಯಲ್ಲಿ ಅದರೊಂದಿಗೆ ಕುಸ್ತಿ ಮಾಡುವ ಬದಲು ನಿಮ್ಮ ಮನೆಯಲ್ಲೇ ಹತ್ತು ಸಲ ಮಡಿಸಿ ಕಲಿಯಿರಿ.

ಟೆಂಟಿಗೆ ತಳವಿರುತ್ತದಲ್ಲ, ಬೇರೆ ನೆಲಹಾಸು ಏಕೆ?

ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಟೆಂಟಿನ ತಳ ಗ್ರಾಹಕರು ನಿಲ್ಲುವ ಜಾಗವನ್ನಷ್ಟೇ ಕಾಯುತ್ತದೆ. ನೀವು ನಿಲ್ಲುವ ಜಾಗ, ಯಂತ್ರವಿಡುವ ಜಾಗ, ಕಪ್ಪು ತುಂಬಿಸುವ ಜಾಗ, ಗ್ರಾಹಕರು ಒಣಗಿದ ಮೇಲೆ ನಡೆದುಹೋಗುವ ದಾರಿ, ಇವು ಟೆಂಟಿನ ಹೊರಗಿರುತ್ತವೆ. ನನ್ನ ಎರಡನೆಯ ತಿಂಗಳಲ್ಲಿ, ತಿಳಿಬಣ್ಣದ ಉಣ್ಣೆಯ ಕಾರ್ಪೆಟ್ ಇದ್ದ ಒಂದು ಮನೆಯಲ್ಲಿ, ಟೆಂಟಿನೊಳಗೆ ಒಂದು ಹನಿಯೂ ಹೊರಬೀಳದಂತೆ ಕೆಲಸ ಮುಗಿಸಿ, ಆಮೇಲೆ ಕಪ್ಪು ಕಳಚುವಾಗ ಕಾಲು ಲೋಟದಷ್ಟನ್ನು ಬಾಗಿಲ ಬಳಿ ಚೆಲ್ಲಿದೆ. ಬ್ರಾಂಜರ್ ತೊಳೆದರೆ ಹೋಗುತ್ತದೆ. ಡಿಎಚ್‌ಎ ಮಾತ್ರ ಉಣ್ಣೆ, ರೇಷ್ಮೆ, ನೈಲಾನುಗಳೊಂದಿಗೆ ಚರ್ಮದೊಂದಿಗೆ ಸೇರುವಂತೆಯೇ ಸೇರಿಬಿಡುತ್ತದೆ, ಗಂಟೆಗಳು ಕಳೆದಂತೆ ಕಲೆ ಏಳುತ್ತದೆ. ಆ ತಿಂಗಳ ಗಳಿಕೆಗಿಂತ ಹೆಚ್ಚನ್ನು ನಾನು ಆ ಕಾರ್ಪೆಟ್ಟಿಗೆ ಕೊಟ್ಟೆ.

ಅಂದಿನಿಂದ ನನ್ನ ಕಾರಿನಲ್ಲಿ ಮೂರು ಬಗೆಯ ಹಾಸು ಇರುತ್ತದೆ. ಮೊದಲನೆಯದು ಬಣ್ಣ ಬಳಿಯುವವರು ಹಾಸುವ ದಪ್ಪ ಬಟ್ಟೆ, ಕೆಳಗೆ ಪ್ಲಾಸ್ಟಿಕ್ ಪದರವಿರುವಂಥದ್ದು, ಟೆಂಟಿಗಿಂತ ಎಲ್ಲ ದಿಕ್ಕಿನಲ್ಲೂ ಒಂದು ಮೀಟರ್ ದೊಡ್ಡದು; ಬರಿಯ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಜಾರಿ ಬಿದ್ದ ಗ್ರಾಹಕರ ಕಾಲು ಕಾರ್ಪೆಟ್ಟಿಗಿಂತ ದುಬಾರಿ. ಎರಡನೆಯದು ಯಂತ್ರಕ್ಕೂ ಬಾಟಲಿಗೂ ಅಂಚು ಎತ್ತರವಿರುವ ಟ್ರೇ, ನಾಯಿ ಸಾಕುವವರ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಮೂರನೆಯದು ಹಳೆಯ ಗಾಢಬಣ್ಣದ ಟವೆಲುಗಳು, ಟೆಂಟಿನಿಂದ ಬಚ್ಚಲಿನವರೆಗೆ ಹಾಸಲು. ದ್ರಾವಣವನ್ನು ಕಪ್ಪಿಗೆ ತುಂಬುವುದೂ ಕಳಚುವುದೂ ಆ ಟ್ರೇಯ ಮೇಲೆಯೇ ಆಗಬೇಕು, ಎಂಥ ಅವಸರವಿದ್ದರೂ.

ಬೆಳಕಿಗೆ ಏನು ವ್ಯವಸ್ಥೆ?

ಮಲಗುವ ಕೋಣೆಯ ಹಳದಿ ದೀಪದಲ್ಲಿ ಕಂದು ಬಣ್ಣದ ಹೆಚ್ಚುಕಡಿಮೆ ಕಾಣುವುದಿಲ್ಲ. ಹಗಲಿನ ಬಿಳಿ ಬೆಳಕು ಕೊಡುವ, ಬ್ಯಾಟರಿಯಲ್ಲಿ ನಡೆಯುವ ಎಲ್ಇಡಿ ದೀಪ ಎರಡು ಇದ್ದರೆ ಸಾಕು. ಅವು ಟೆಂಟಿನ ಹೊರಗೆ, ನಿಮ್ಮ ಹಿಂದೆ ಎರಡು ಪಕ್ಕಗಳಲ್ಲಿರಲಿ.

ಪ್ರತಿ ಗ್ರಾಹಕರಿಗೂ ಹೊಸದಾಗಿ ಬೇಕಾಗುವ ಸಾಮಾನುಗಳು ಯಾವುವು?

ಒಂದು ಸಲ ಬಳಸಿ ಬಿಸಾಡುವ ಒಳಉಡುಪು, ಕೂದಲಿಗೆ ಟೋಪಿ, ಅಂಗಾಲಿಗೆ ಅಂಟಿಸಿಕೊಳ್ಳುವ ಪಾದದ ಆಕಾರದ ರಟ್ಟು, ಮೂಗಿನೊಳಗೆ ಇಡುವ ಸಣ್ಣ ಫಿಲ್ಟರು, ಕಣ್ಣಿಗೆ ಮುಚ್ಚಿಗೆ, ತುಟಿಗೆ ಬಾಮು. ಕೊನೆಯ ಮೂರನ್ನು ಅನೇಕರು ಅಲಂಕಾರವೆಂದುಕೊಂಡು ಕೈಬಿಡುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಡಿಎಚ್‌ಎಗೆ ಅನುಮತಿ ಕೊಟ್ಟಿರುವುದು ಮೈಯ ಹೊರಚರ್ಮಕ್ಕೆ ಹಚ್ಚುವುದಕ್ಕೆ ಮಾತ್ರ. ತುಟಿ, ಕಣ್ಣಿನ ಸುತ್ತ, ಮೂಗು ಬಾಯಿಗಳ ಒಳಪದರ ಅದರಲ್ಲಿ ಸೇರಿಲ್ಲ, ಉಸಿರಿನೊಳಗೆ ಹೋಗಬಾರದೆಂದೂ ಅದು ಹೇಳುತ್ತದೆ. ಮುಖಕ್ಕೆ ಬಂದಾಗ ಕಣ್ಣುಮುಚ್ಚಿ ಉಸಿರು ಹಿಡಿಯಲು ಹೇಳಿ, ಎರಡು ಮೂರು ಸೆಕೆಂಡಿನಲ್ಲಿ ಮುಗಿಸಿ ಗನ್ನನ್ನು ಆಚೆ ತಿರುಗಿಸಬೇಕು. ಬಾಮನ್ನು ಡಬ್ಬಿಯಿಂದ ಬೆರಳಿನಲ್ಲಿ ತೆಗೆಯದೆ, ಒಬ್ಬೊಬ್ಬರಿಗೆ ಒಂದೊಂದು ಹತ್ತಿ ಕಡ್ಡಿಯಲ್ಲಿ ತೆಗೆದುಕೊಡಿ.

ಒಳಉಡುಪು ಒಂದೇ ಅಳತೆಯದೆಂದು ಪೊಟ್ಟಣದ ಮೇಲೆ ಬರೆದಿದ್ದರೂ ಎಲ್ಲರಿಗೂ ಆಗುವುದಿಲ್ಲ. ದೊಡ್ಡ ಅಳತೆಯದೂ ಗಂಡಸರದೂ ಇರಲಿ. ತಮ್ಮ ಹಳೆಯ ಕಪ್ಪು ಒಳಉಡುಪನ್ನೇ ತೊಟ್ಟುಕೊಳ್ಳುತ್ತೇನೆಂದರೆ ಅದು ಅವರ ಇಷ್ಟ, ಒತ್ತಾಯ ಸಲ್ಲದು. ಬಳಸಿದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿ ನಿಮ್ಮ ಮನೆಯ ಕಸದ ಡಬ್ಬಿಗೇ ತನ್ನಿ, ಅವರ ಅಡುಗೆಮನೆಯಲ್ಲಿ ಬಿಟ್ಟುಬರಬೇಡಿ.

ಕ್ರೀಮು, ಪೌಡರು ಇವೆಲ್ಲ ಬೇಕೇ?

ಹಚ್ಚಿದ ಕಡೆ ಬಣ್ಣ ಹಿಡಿಯದಂತೆ ತಡೆಯುವ ಬ್ಯಾರಿಯರ್ ಕ್ರೀಮ್ ಬೇಕೇ ಬೇಕು. ಸತ್ತ ಪದರ ದಪ್ಪವಾಗಿರುವಲ್ಲೆಲ್ಲ ಬಣ್ಣ ಹೆಚ್ಚು ಹಿಡಿಯುತ್ತದೆ. ಅಂಗೈ, ಅಂಗಾಲಿನ ಅಂಚು, ಉಗುರು, ಹಿಮ್ಮಡಿಗಳಿಗೆ ದಪ್ಪಗೆ, ಮೊಣಕೈ, ಮೊಣಕಾಲು, ಬೆರಳಿನ ಗೆಣ್ಣುಗಳಿಗೆ ತೆಳ್ಳಗೆ ಹಚ್ಚದಿದ್ದರೆ ಅರಿಶಿನ ಕುಟ್ಟಿದ ಕೈಯಂತೆ ಕಾಣುತ್ತದೆ. ಸಿಂಪಡಿಸುವ ಮೊದಲು ಮೈಮೇಲಿನ ಡಿಯೋಡರೆಂಟ್, ಸೆಂಟು, ಎಣ್ಣೆಯನ್ನು ತೆಗೆಯಲು ಸುಗಂಧವಿಲ್ಲದ ಒರೆಸುವ ಬಟ್ಟೆ ಅಥವಾ ಪ್ರೆಪ್ ಸ್ಪ್ರೇ ಬೇಕು. ಕಂಕುಳಲ್ಲಿ ಡಿಯೋಡರೆಂಟ್ ಉಳಿದಿದ್ದರೆ ಅಲ್ಲಿ ಹಸಿರು ಛಾಯೆ ಏಳುವುದುಂಟು. ಒಣಗಿದ ಮೇಲೆ ಮಡಿಕೆಗಳಿಗೆ ಟಾಲ್ಕ್ ಇಲ್ಲದ ಪೌಡರನ್ನು ಮೆತ್ತನೆಯ ಬ್ರಷ್ಷಿನಲ್ಲಿ ತೀಡಿದರೆ ಅಂಟುವುದು ಕಡಿಮೆಯಾಗುತ್ತದೆ. ಉಳಿದ ಸೀಸೆಗಳು, ಅಂಗಡಿಯವರು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ಮಾರುವಂಥವು, ಕಾಯಬಹುದು.

ಹಿಂದಿನ ದಿನ ಗ್ರಾಹಕರು ಏನು ಮಾಡಿರಬೇಕು ಎಂಬ ಚೀಟಿಯೂ ಸಾಮಾನಿನ ಪಟ್ಟಿಗೆ ಸೇರಿದ್ದೇ. ಮೈ ಉಜ್ಜಿ ಸ್ನಾನ, ವ್ಯಾಕ್ಸ್ ಅಥವಾ ಶೇವ್ 24 ಗಂಟೆ ಮೊದಲು, ಸಡಿಲವಾದ ಗಾಢಬಣ್ಣದ ಹತ್ತಿ ಬಟ್ಟೆ. ನಮ್ಮ ಕಡೆಯವರಾದರೆ ಇನ್ನೊಂದು ಸಾಲು ಸೇರಿಸುತ್ತೇನೆ: ಮೊದಲ ಸ್ನಾನವಾಗುವವರೆಗೆ ರೇಷ್ಮೆ ಸೀರೆ ಉಡಬೇಡಿ. ಸ್ನಾನವಾದ ಮೇಲೂ ಬೆವರಿದರೆ ಬ್ಲೌಸಿನ ಅಂಚಿಗೆ ಬಣ್ಣ ಹತ್ತಬಹುದು, ಆದ್ದರಿಂದ ಮದುವೆಗೆ ಎರಡು ದಿನ ಮೊದಲು ಮಾಡಿಸುವುದು ಒಳ್ಳೆಯದು. ಟ್ಯಾನ್ ಇದೆಯೆಂದು ಸನ್‌ಸ್ಕ್ರೀನ್ ಬಿಡಬಾರದೆಂಬುದನ್ನೂ ಅದೇ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆಯಿರಿ. ಈ ಬಣ್ಣ ಬಿಸಿಲನ್ನು ತಡೆಯುವುದಿಲ್ಲ.

ನನ್ನ ಉಸಿರಿನ ಗತಿಯೇನು?

ಗ್ರಾಹಕರು ತಿಂಗಳಿಗೊಮ್ಮೆ ಹತ್ತು ನಿಮಿಷ ಆ ಮಂಜಿನಲ್ಲಿ ನಿಲ್ಲುತ್ತಾರೆ, ನೀವು ವಾರಕ್ಕೆ ಇಪ್ಪತ್ತು ಸಲ ನಿಲ್ಲುತ್ತೀರಿ. ಪಿ2 ದರ್ಜೆಯ ಮಾಸ್ಕು ನಿಮಗೆ, ಬಟ್ಟೆಯದಲ್ಲ. ಕಿಟಕಿ ತೆರೆದಿರಲಿ. ಹಿಡಿದೊಯ್ಯಬಹುದಾದ, ಫಿಲ್ಟರ್ ಇರುವ ಎಕ್ಸ್‌ಟ್ರಾಕ್ಷನ್ ಫ್ಯಾನು ಟೆಂಟಿನ ಬುಡದಲ್ಲಿಟ್ಟರೆ ಹಾರಾಡುವ ಮಂಜನ್ನು ಎಳೆದುಕೊಳ್ಳುತ್ತದೆ. ಮೊದಲ ದಿನವೇ ಕೊಳ್ಳಲಾಗದಿದ್ದರೆ ಯಂತ್ರದ ನಂತರದ ದೊಡ್ಡ ಖರ್ಚು ಇದೇ ಆಗಲಿ. ಅಸ್ತಮಾ ಇರುವ ಗ್ರಾಹಕರಿಗೆ ನಾನು ಮಾಡುವುದಿಲ್ಲ, ಬಸುರಿಯರಿಗೆ ವೈದ್ಯರನ್ನು ಕೇಳಿ ಬನ್ನಿ ಎನ್ನುತ್ತೇನೆ. ನನಗೇ ಗೂರಲು ಇದ್ದಿದ್ದರೆ ಈ ವೃತ್ತಿಗೆ ಬರುತ್ತಿರಲಿಲ್ಲ.

ಯಂತ್ರವನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ಗನ್ನನ್ನು ಪ್ರತಿ ಮನೆಯ ನಂತರವೂ ಬಿಸಿ ನೀರನ್ನು ಸಿಂಪಡಿಸಿ ತೊಳೆಯಬೇಕು, ದಿನದ ಕೊನೆಗೆ ಸೂಜಿ, ನಳಿಗೆ, ಕಪ್ಪುಗಳನ್ನು ಬಿಚ್ಚಿ ಸೋಪುನೀರಿನಲ್ಲಿ ಸಣ್ಣ ಬ್ರಷ್ಷಿನಿಂದ ಉಜ್ಜಬೇಕು. ಒಣಗಿದ ದ್ರಾವಣ ಜೋನಿಬೆಲ್ಲದಂತೆ ಅಂಟಿ ಸೂಜಿಯನ್ನು ಹಿಡಿದುಬಿಡುತ್ತದೆ. ಆದ್ದರಿಂದ ಎರಡು ಲೀಟರಿನ ಫ್ಲಾಸ್ಕಿನಲ್ಲಿ ನೀರು, ಮುಚ್ಚಳವಿರುವ ಒಂದು ಖಾಲಿ ಡಬ್ಬಿ ಕಾರಿನಲ್ಲಿರಲಿ; ಗ್ರಾಹಕರ ಸಿಂಕನ್ನು ಮುಟ್ಟದೆ ಕೆಲಸ ಮುಗಿಯುತ್ತದೆ. ಟರ್ಬೈನಿನ ಗಾಳಿ ಫಿಲ್ಟರನ್ನು ಮರೆಯುವವರೇ ಹೆಚ್ಚು. ಅದು ಸ್ಪಂಜಿನದಾಗಿದ್ದರೆ ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ. ಕಟ್ಟಿಕೊಂಡ ಫಿಲ್ಟರಿನಿಂದ ಮೋಟಾರು ಬಿಸಿಯಾಗುತ್ತದೆ, ಸಿಂಪಡಿಕೆ ಹನಿಹನಿಯಾಗುತ್ತದೆ, ಹೊಸಬರು ದ್ರಾವಣವನ್ನು ಬೈಯುತ್ತಾರೆ.

ಕಾಗದಪತ್ರಗಳಲ್ಲಿ ಏನೇನಿರಬೇಕು?

ಗ್ರಾಹಕರ ಆರೋಗ್ಯ, ಅಲರ್ಜಿಗಳನ್ನು ಕೇಳಿ ಸಹಿ ಪಡೆಯುವ ಒಪ್ಪಿಗೆ ಪತ್ರ, ಮೈಗೆ ಒಗ್ಗುತ್ತದೆಯೇ ಎಂದು 24 ಗಂಟೆ ಮೊದಲು ಸ್ವಲ್ಪ ಹಚ್ಚಿ ನೋಡಿದ ಪ್ಯಾಚ್ ಟೆಸ್ಟಿನ ದಾಖಲೆ, 18 ತುಂಬದವರಿಗೆ ತಂದೆತಾಯಿಯ ಸಹಿ. ವರ್ಷದ ಕೊನೆಯಲ್ಲಿ ಶಾಲೆಗಳು ನಡೆಸುವ ಫಾರ್ಮಲ್ ಎಂಬ ಔತಣಕೂಟಗಳ ಸಮಯದಲ್ಲಿ ಈ ಕೊನೆಯದು ಬಹಳ ಬೇಕಾಗುತ್ತದೆ. ಸ್ವಂತ ವ್ಯವಹಾರ ಮಾಡುವವರ ಗುರುತಿನ ಸಂಖ್ಯೆಯಾದ ಎಬಿಎನ್ ಅನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ, ಅದಕ್ಕೆ ದುಡ್ಡು ಕೇಳುವ ಜಾಲತಾಣಗಳಿಂದ ದೂರವಿರಿ. ವರ್ಷದ ವಹಿವಾಟು 75,000 ಡಾಲರ್ ಮುಟ್ಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಬೇರೆಯವರಿಗಾದ ಹಾನಿಯನ್ನು ಭರಿಸುವ ಪಬ್ಲಿಕ್ ಲಯಬಿಲಿಟಿ ವಿಮೆ ಮಾಡಿಸುವಾಗ, ಗ್ರಾಹಕರ ಮನೆಯಲ್ಲಿ ಮಾಡುವ ಸ್ಪ್ರೇ ಟ್ಯಾನ್ ಎಂದು ಸ್ಪಷ್ಟವಾಗಿ ಬರೆಸಿ. ಈ ವೃತ್ತಿಯ ನೋಂದಣಿಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದರಿಂದ ನಿಮ್ಮ ಕೌನ್ಸಿಲ್ಲಿನ ಆರೋಗ್ಯ ವಿಭಾಗಕ್ಕೆ ಒಂದು ಫೋನ್ ಮಾಡಿ. ವಿದ್ಯಾರ್ಥಿ ವೀಸಾದವರು ಗಮನಿಸಬೇಕು: ಎಬಿಎನ್ ಮೇಲೆ ಮಾಡುವ ಸ್ವಂತ ಕೆಲಸವೂ ಎರಡು ವಾರಕ್ಕೆ 48 ಗಂಟೆಯ ಮಿತಿಯೊಳಗೇ ಬರುತ್ತದೆ. ಕಾರಿನಲ್ಲಿ ಒಂದು ಲಾಗ್‌ಬುಕ್ ಇಟ್ಟು ಸತತ 12 ವಾರ ಓಡಾಟ ಬರೆದರೆ ಐದು ವರ್ಷದ ತೆರಿಗೆ ಲೆಕ್ಕಕ್ಕೆ ಆಗುತ್ತದೆ.

ಒಟ್ಟು ಎಷ್ಟು ದುಡ್ಡು ಹಾಕಬೇಕಾಗುತ್ತದೆ?

ಕಾರನ್ನು ಬಿಟ್ಟು, ವಿಮೆಯನ್ನು ಸೇರಿಸಿ, ಸುಮಾರು ಎರಡು ಸಾವಿರ ಆಸ್ಟ್ರೇಲಿಯನ್ ಡಾಲರುಗಳಲ್ಲಿ ಗೌರವದಿಂದ ಆರಂಭಿಸಬಹುದು. ಯಂತ್ರದಲ್ಲಿ ಕಾಸಿಗೆ ತಕ್ಕ ಕಜ್ಜಾಯ ಎಂಬ ಮಾತು ಒಂದು ಹಂತದವರೆಗೆ ಮಾತ್ರ ನಿಜ: ತೀರ ಅಗ್ಗದ್ದು ಆರು ತಿಂಗಳಿಗೆ ಕೈಕೊಡುತ್ತದೆ, ಆದರೆ ಮಧ್ಯಮ ಬೆಲೆಯದಕ್ಕೂ ಅತಿ ದುಬಾರಿಯದಕ್ಕೂ ಇರುವ ವ್ಯತ್ಯಾಸ ಗ್ರಾಹಕರ ಮೈಮೇಲೆ ಕಾಣುವುದಿಲ್ಲ. ಆ ಉಳಿತಾಯವನ್ನು ನೆಲಹಾಸು, ಫ್ಯಾನುಗಳಿಗೆ ಹಾಕಿ. ಪ್ರತಿ ಗ್ರಾಹಕರ ಖರ್ಚಿನ ಲೆಕ್ಕ ಹೀಗೆ: ಲೀಟರಿಗೆ 70 ಡಾಲರ್ ಎಂದಿಟ್ಟುಕೊಂಡರೆ ಒಬ್ಬರಿಗೆ ದ್ರಾವಣ ಮೂರೂವರೆಯಿಂದ ನಾಲ್ಕೂವರೆ ಡಾಲರ್, ಬಿಸಾಡುವ ಸಾಮಾನು ಎರಡು ಮೂರು ಡಾಲರ್. ನಿಜವಾದ ಖರ್ಚು ಪೆಟ್ರೋಲು ಮತ್ತು ದಾರಿಯಲ್ಲಿ ಹೋಗುವ ಸಮಯ. ನವೆಂಬರಿನ ಮೊದಲ ಮಂಗಳವಾರದ ಮೆಲ್ಬರ್ನ್ ಕಪ್ ಕುದುರೆ ಪಂದ್ಯದ ಹಿಂದಿನ ಶನಿವಾರ, ಭಾನುವಾರ, ಸೋಮವಾರಗಳಲ್ಲಿ ನನಗೆ ಊಟಕ್ಕೂ ಬಿಡುವಿರುವುದಿಲ್ಲ. ಇಲ್ಲಿಯ ಚಳಿಗಾಲವಾದ ಜೂನ್, ಜುಲೈಯಲ್ಲಿ ಟೆಂಟು ಗ್ಯಾರೇಜಿನಲ್ಲಿ ಮಲಗಿರುತ್ತದೆ. ಆದ್ದರಿಂದ ದೊಡ್ಡ ಖರೀದಿಯನ್ನು ಚಳಿಗಾಲದಲ್ಲಿ ಮಾಡಬೇಡಿ, ದ್ರಾವಣವನ್ನಂತೂ ಅಲ್ಲ.

ಬಾಡಿ ಬಿಲ್ಡಿಂಗ್ ಸ್ಪರ್ಧೆಯವರಿಗೂ ಇದೇ ಸಾಮಾನು ಆಗುತ್ತದೆಯೇ?

ಯಂತ್ರ, ಟೆಂಟುಗಳು ಆಗುತ್ತವೆ, ದ್ರಾವಣ ಆಗುವುದಿಲ್ಲ. ವೇದಿಕೆಯ ಪ್ರಖರ ದೀಪಗಳಲ್ಲಿ ಸ್ನಾಯುಗಳ ಗೆರೆ ಎದ್ದು ಕಾಣಲೆಂದು ಅವರಿಗೆ ಅತಿ ಗಾಢವಾದ ಸ್ಟೇಜ್ ಟ್ಯಾನ್ ಬೇಕು, ಅದನ್ನು ಹಿಂದಿನ ದಿನದಿಂದಲೇ ಹಲವು ಪದರಗಳಲ್ಲಿ ಹಾಕಬೇಕು. ಬೆಂಗಳೂರು, ಮಂಗಳೂರುಗಳ ಸ್ಪರ್ಧೆಗಳಲ್ಲಿ ಹುಡುಗರು ಒಬ್ಬರಿಗೊಬ್ಬರು ಸ್ಪಂಜಿನಲ್ಲಿ ಬಳಿದುಕೊಳ್ಳುವುದನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಕಪ್ಪಗಿರುವ ನಮ್ಮವರಿಗೂ ವೇದಿಕೆಗೆ ಟ್ಯಾನ್ ಬೇಕಾಗುವುದು ಆ ದೀಪಗಳ ಕಾರಣಕ್ಕೆ. ಆ ದ್ರಾವಣಕ್ಕೆ ಪ್ರತ್ಯೇಕ ಕಪ್ಪನ್ನೇ ಇಡಿ, ಉಳಿದ ಅಂಶ ಮದುವಣಗಿತ್ತಿಯ ಮೈಗೆ ಬಂದರೆ ಉತ್ತರ ಕೊಡುವುದು ಕಷ್ಟ.

ಕೈಬದಲಾದ ಸಾಮಾನನ್ನು ಕೊಳ್ಳಬಹುದೇ?

ಈ ಕೆಲಸವನ್ನು ಒಂದು ಬೇಸಿಗೆ ಮಾಡಿ ಬಿಟ್ಟವರು ಬಹಳ ಇರುವುದರಿಂದ ಒಳ್ಳೆಯ ಯಂತ್ರಗಳು ಅರ್ಧ ಬೆಲೆಗೆ ಸಿಗುತ್ತವೆ. ಮನೆಗೆ ಹೋಗಿ, ನೀರು ತುಂಬಿಸಿ, ಹತ್ತು ನಿಮಿಷ ಬಿಡದೆ ನಡೆಸಿ ನೋಡಿ: ಮೋಟಾರಿನ ಸದ್ದು ಬದಲಾಗಬಾರದು, ಸುಟ್ಟ ವಾಸನೆ ಬರಬಾರದು, ಕಪ್ಪು ಬಣ್ಣದ ಹಾಳೆಯ ಮೇಲೆ ಸಿಂಪಡಿಸಿದಾಗ ಅಂಚುಗಳಲ್ಲಿ ಹನಿ ಕಾಣಬಾರದು. ಫಿಲ್ಟರನ್ನು ಬಿಚ್ಚಿ ತೋರಿಸಲು ಕೇಳಿ, ಅದರ ಸ್ಥಿತಿಯೇ ಯಂತ್ರ ಹೇಗೆ ಬಾಳಿದೆ ಎಂದು ಹೇಳುತ್ತದೆ. ಗನ್ನಿನ ಸೂಜಿ, ನಳಿಗೆ, ಸೀಲುಗಳನ್ನು ಹೊಸದಾಗಿ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆದುಕೊಳ್ಳಿ. ಟೆಂಟನ್ನು ಕೊಂಡರೆ ಜಿಪ್ಪನ್ನು ಮೊದಲು ನೋಡಿ. ಜೊತೆಗೆ ಪುಕ್ಕಟೆ ಕೊಡುತ್ತೇನೆಂದು ಮುಂದೆ ಇಡುವ ದ್ರಾವಣದ ಬಾಟಲಿಗಳನ್ನು, ಸೀಲು ಒಡೆಯದಿದ್ದರೂ, ಅಲ್ಲೇ ಬಿಟ್ಟುಬನ್ನಿ. ಅವು ಎಷ್ಟು ಬೇಸಿಗೆ ಯಾರ ಕಾರಿನಲ್ಲಿದ್ದವೋ ಮಾರುವವರಿಗೂ ನೆನಪಿರುವುದಿಲ್ಲ.